ಉಪ್ಪು, ಹಂಜಿ, ತಾಮ್ರದ ಹಂಡೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್

ಕಳೆದ ವಾರ ನಮ್ಮ ಶಾಲೆಯಲ್ಲಿ ‘ಇತಿಹಾಸದ ಕೋಣೆ’ ಶುರುವಾಯಿತು. ದೊಡ್ಡದೇನಲ್ಲ, ಹಳೇ ಸಾಮಾನು ತುಂಬಿದ್ದ ಕೋಣೆಗೆ ಸುಣ್ಣ ಬಳಿದದ್ದು. ನಾಲ್ಕು, ಐದನೇ ತರಗತಿಯ ಮಕ್ಕಳು ಈ ವರ್ಷ ಕೈಯಾರೆ ಮಾಡಿದ್ದೆಲ್ಲ ಅಲ್ಲಿದೆ. ಅಂಕೋಲಾ ತಾಲೂಕಿನ ಸಣ್ಣ ಸರ್ಕಾರಿ ಶಾಲೆ ನಮ್ಮದು. ನೋಡಲು ಅರ್ಧ ಊರೇ ಬಂದಿತ್ತು. ಎಲ್ಲರೂ ‘ಅಕ್ಕೋರೇ, ಚಲೋ ಮಾಡೀರಿ’ ಅಂದರು. ಆದರೆ ಮಾಡಿದವರು ಬೇರೆಯವರು. ಅವರ ಬಗ್ಗೆ ಬರೆಯದೆ ರಜೆಗೆ ಹೋಗುವುದು ಸರಿಯಲ್ಲ.

ಮೊದಲು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದ ಅಜ್ಜನಿಗೆ. ನಮ್ಮ ಪುಟ್ಟ ವಿದ್ಯಾರ್ಥಿನಿಯೊಬ್ಬಳ ಅಜ್ಜ ಅವರು. ಉಪ್ಪಿನ ಸತ್ಯಾಗ್ರಹದ ಪಾಠ ಬಂದಾಗ ಮಕ್ಕಳು ಸಮುದ್ರದ ನೀರು ತಂದು ಅಗಲವಾದ ತಟ್ಟೆಗಳಲ್ಲಿ ಬಿಸಿಲಿಗಿಟ್ಟರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ ಅಂತ ನಾನು ಹೇಳಿದ್ದೆ. ‘ಪೂರ್ತಿ ಒಣಗಿಸಬೇಡಿ’ ಅಂದವರು ಅಜ್ಜ. ಉಪ್ಪು ಕೂತ ಮೇಲೆ ಉಳಿಯುವ ನೀರು ಕಹಿ, ಅದನ್ನು ಚೆಲ್ಲಬೇಕು. ನಂಬದವರು ನೆಕ್ಕಿ ನೋಡಿದರು. ಆಮೇಲೆ ಆ ಮುಖಗಳನ್ನು ನೋಡಬೇಕಿತ್ತು! ಆವತ್ತು ಒಬ್ಬ ಹುಡುಗ ಕೇಳಿದ: ‘ಸಮುದ್ರ ನಮ್ದು, ಬಿಸಿಲು ನಮ್ದು, ಕಾದು ಕೂತಿದ್ದೂ ನಾವೇ. ಮತ್ತೆ ತೆರಿಗೆ ಯಾಕೆ?’ ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಇಸವಿ ಬಾಯಿಪಾಠ ಮಾಡುವ ಮಗುವಿಗೆ ಇದು ಹೊಳೆಯುವುದೂ ಕಷ್ಟ. ಉಪ್ಪು ಮಾಡುವ ಹಕ್ಕನ್ನು ಬ್ರಿಟಿಷ್ ಸರ್ಕಾರದ ಕೈಯಲ್ಲಿಟ್ಟ 1882ರ ಉಪ್ಪಿನ ಕಾನೂನಿನ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುತ್ತಿರಲಿಲ್ಲ.

ದಂಡಿ ಯಾತ್ರೆ ಸುಮಾರು 385 ಕಿಲೋಮೀಟರ್ ಅಂದರೆ ಮಕ್ಕಳಿಗೆ ಏನೂ ಅನಿಸಲಿಲ್ಲ. ಲಾರಿ ಓಡಿಸುವ ಪಾಲಕರೊಬ್ಬರು ಬಂದು ಲೆಕ್ಕ ಹಾಕಿಕೊಟ್ಟರು: ‘ಅಂಕೋಲೆಯಿಂದ ಹುಬ್ಬಳ್ಳಿಗೆ ನಡೆದು ಹೋಗಿ, ವಾಪಸ್ ಬಂದು, ಮತ್ತೆ ಹುಬ್ಬಳ್ಳಿಗೆ ಹೋದರೆ ಹೆಚ್ಚುಕಡಿಮೆ ಅಷ್ಟು.’ ತರಗತಿ ಗಪ್‌ಚುಪ್. ಆ ದಾರಿಯನ್ನು 24 ದಿನ ನಡೆದವರಲ್ಲಿ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೂ ಇದ್ದ, ಇನ್ನೂ ಇಪ್ಪತ್ತು ತುಂಬಿರಲಿಲ್ಲ ಅಂತ ಹೇಳಿದಾಗ ಹಿಂದಿನ ಸಾಲಿನವರೂ ಕಿವಿ ಕೊಟ್ಟರು. ಅದೇ 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ನಮ್ಮ ಅಂಕೋಲೆಯಲ್ಲೂ ಉಪ್ಪಿನ ಕಾನೂನು ಮುರಿದರು ಅಂದಾಗಂತೂ ‘ಇಲ್ಲೇನಾ?’ ಅಂತ ಎದ್ದೇ ನಿಂತರು.

ಕೈಯಲ್ಲಿ ನೂಲು ತೆಗೆಯುವ ತಕಲಿ ಮತ್ತು ಅದಕ್ಕೆ ಬೇಕಾದ ಹತ್ತಿಯ ಹಂಜಿ ಕಳಿಸಿದ ಹಳೇ ವಿದ್ಯಾರ್ಥಿಗೆ ಥ್ಯಾಂಕ್ಸ್. ನೂಲು ಹರಿದದ್ದೇ ಜಾಸ್ತಿ, ಬಂದದ್ದು ಕಡಿಮೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದ ಖಾದಿ ಧ್ವಜವನ್ನೂ ಅವನೇ ತಂದುಕೊಟ್ಟ. ಅದನ್ನು ನೋಡಿ ಮಕ್ಕಳು ಕಾಗದದ ಧ್ವಜ ಮಾಡಲು ಕೂತರು. ಅಳತೆ 3:2, ಅದು ಸುಲಭ. ಚಕ್ರದ 24 ಗೆರೆಗಳದ್ದೇ ಪೇಚಾಟ. ದುಂಡನೆಯ ಕಾಗದವನ್ನು ಅರ್ಧ, ಮತ್ತೆ ಅರ್ಧ ಮಡಚುತ್ತಾ ಹೋದರೆ 8, 16, 32 ಬರುತ್ತದೆ, 24 ಬರುವುದಿಲ್ಲ. ಕೊನೆಗೆ ಒಬ್ಬಳು ಅರ್ಧ ಮಡಚಿದ್ದನ್ನು ಮೂರು ಪಾಲು ಮಾಡಿ, ಮತ್ತೆ ಎರಡು ಸಲ ಮಡಚಿದಳು. ಬಂತು! ಗೊತ್ತಿದ್ದೂ ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಗಣಿತದ ಮಾಸ್ತರಿಗೆ ವಿಶೇಷ ನಮಸ್ಕಾರ. ನನಗಂತೂ ಅಷ್ಟು ತಾಳ್ಮೆ ಇಲ್ಲ.

ಇನ್ನು ಕರಬಂದಿ ನಾಟಕ. ಕಂದಾಯ ಕೊಡುವುದಿಲ್ಲ ಅಂದ ಇಲ್ಲಿನ ರೈತರ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿದ ಕಥೆ. ರಿಹರ್ಸಲ್ ನೋಡಲು ಬಂದಿದ್ದ ಅಜ್ಜಿಯೊಬ್ಬರು ಮಧ್ಯದಲ್ಲೇ ನಿಲ್ಲಿಸಿದರು. ‘ಹಾಂಗಲ್ಲ ಅಕ್ಕೋರೇ. ಅವ್ರು ಬಂದ್ರೆ ಮೊದಲು ತಾಮ್ರದ ಹಂಡೆಗೇ ಕೈ ಹಾಕ್ತಿದ್ರಂತೆ. ನಮ್ಮ ಅತ್ತೆ ಹೇಳ್ತಿದ್ರು.’ ಮರುದಿನ ಅವರ ಮನೆಯ ಹಂಡೆಯೇ ಶಾಲೆಗೆ ಬಂತು. ನಾಟಕದಲ್ಲಿ ಪೊಲೀಸ್ ಆಗಿದ್ದ ಹುಡುಗನಿಗೆ ಅದನ್ನು ಎತ್ತಲಾಗದೆ ಮನೆಯವರ ಪಾತ್ರದವರೇ ಕೈಜೋಡಿಸಿದರು. ಜನ ನಕ್ಕರು, ಅಜ್ಜಿಯೂ ನಕ್ಕರು.

ಸುಣ್ಣಕ್ಕೆ ದುಡ್ಡು ಕೊಟ್ಟ ಎಸ್‌ಡಿಎಂಸಿಯವರು, ಕಪಾಟು ರಿಪೇರಿ ಮಾಡಿದ ಆಚಾರಿಯವರು, ಮಕ್ಕಳ ಉಪ್ಪಿಗೆ ಕಾಗೆ ಬಾಯಿ ಹಾಕದಂತೆ ಕಾದ ಬಿಸಿಯೂಟದ ಅಕ್ಕಂದಿರು, ನಿಮ್ಮೆಲ್ಲರ ಉಪಕಾರ ದೊಡ್ಡದು. ‘ಆಟ ಆಡಿಸಿದರೆ ಪರೀಕ್ಷೆ ಗತಿ ಏನು?’ ಅಂತ ಕೇಳಿದ ಪಾಲಕರಿಗೂ ಥ್ಯಾಂಕ್ಸ್. ನೀವು ಕೇಳಿದ್ದಕ್ಕೇ ಪ್ರತಿ ಚಟುವಟಿಕೆಯ ನಂತರ ಮಕ್ಕಳಿಂದ ಒಂದು ಪುಟ ಬರೆಸಿದೆ. ಆ ನೋಟ್‌ಬುಕ್‌ಗಳೂ ಕೋಣೆಯಲ್ಲಿವೆ, ಬಂದು ಓದಿ.

ಜೂನ್‌ನಲ್ಲಿ ಕರ್ನಾಟಕದ ಏಕೀಕರಣದ ರಟ್ಟಿನ ನಕ್ಷೆ ಮಾಡಬೇಕು ಅಂತಿದ್ದೇವೆ. ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದ ತುಂಡುಗಳನ್ನು ಮಕ್ಕಳೇ ಕತ್ತರಿಸಿ, 1956ರ ನವೆಂಬರ್ 1ಕ್ಕೆ ತಂದು ಜೋಡಿಸಬೇಕು. ಮುಂಬಯಿ ಪ್ರಾಂತ್ಯದ ಕಾಲದ ಕಂದಾಯ ಪಾವತಿ, ಪತ್ರ, ಫೋಟೋ ಮನೆಯಲ್ಲಿದ್ದರೆ ದಯವಿಟ್ಟು ತನ್ನಿ. ಜೆರಾಕ್ಸ್ ತೆಗೆದು ಅವತ್ತೇ ವಾಪಸ್ ಕೊಡುತ್ತೇವೆ.