ಹೆಸರು ಹಾಕದೆ ಒಂದು ಥ್ಯಾಂಕ್ಸ್

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಆ ಕೇಸ್ ವರ್ಕರ್‌ಗೆ ನಮಸ್ಕಾರ. ಹೆಸರು ಬರೆಯುವುದಿಲ್ಲ. ಜಾಸ್ತಿ ಹೊಗಳಿದರೆ ಎತ್ತಂಗಡಿ ಮಾಡಿಬಿಡುತ್ತಾರೆ, ಅಲ್ವಾ?

ಅಪ್ಪ ತೀರಿಕೊಂಡ ಮೇಲೆ ಪಿತ್ರಾರ್ಜಿತ ಗದ್ದೆಗೆ ಪೌತಿ ಖಾತೆ ಆಗಬೇಕಿತ್ತು, ಅಂದರೆ ಖಾತೆ ವಾರಸುದಾರರ ಹೆಸರಿಗೆ ಬದಲಾಗಬೇಕಿತ್ತು. ವಂಶವೃಕ್ಷದಲ್ಲಿ ನನ್ನ ಹೆಸರಿದ್ದದ್ದು ಅಣ್ಣಂದಿರಿಗೆ ಬೇಡವಾಗಿತ್ತು. ಊರಿನ ಮುಖಂಡರೊಬ್ಬರಿಂದ ನಿಮಗೆ ಫೋನ್ ಮಾಡಿಸಿದರು. ನಾನು ಟೇಬಲ್ ಎದುರೇ ನಿಂತಿದ್ದೆ. ನೀವು ದನಿ ಏರಿಸಲಿಲ್ಲ. ಫೈಲಿನ ದಾರ ಬಿಚ್ಚುತ್ತಲೇ ಹೇಳಿದಿರಿ: "ಮಗಳ ಹೆಸರು ಬಿಡೋಕಾಗಲ್ಲ ಸಾರ್. ಬಿಡಲೇಬೇಕು ಅಂದ್ರೆ ಬರೆದು ಸಹಿ ಹಾಕಿ ಕೊಡಿ, ಫೈಲಿಗೆ ಸೇರಿಸ್ತೀನಿ." ಆ ಕಡೆ ಫೋನ್ ಕಟ್ಟಾಯಿತು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಆದರೆ ಆ ಹಕ್ಕು ಪಹಣಿಗೆ ಇಳಿಯಬೇಕಾದರೆ ನಿಮ್ಮಂಥವರೊಬ್ಬರು ಟೇಬಲ್ ಹಿಂದೆ ಕೂತಿರಬೇಕು. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆಸಿದ್ದಾರೆ. ನನ್ನ ಮಟ್ಟಿಗೆ ದೇವರವರೆಗೂ ಹೋಗುವುದು ಬೇಡ, ಕಾನೂನಿನ ಕೆಲಸವಾದರೆ ಸಾಕು.

ನನಗೂ ನೀವೇನು ರಿಯಾಯಿತಿ ತೋರಿಸಲಿಲ್ಲ. ಅಫಿಡವಿಟ್‌ನಲ್ಲಿ ಅಪ್ಪನ ಹೆಸರು ಪಹಣಿಯಲ್ಲಿ ಇದ್ದ ಹಾಗಿಲ್ಲ ಎಂದು ವಾಪಸ್ ಕಳಿಸಿದಿರಿ. ಸಿಟ್ಟು ಬಂದಿತ್ತು. ಅಣ್ಣಂದಿರು ಬಂದಾಗಲೂ ಅಷ್ಟೇ ತಾಳ್ಮೆಯಿಂದ ಮಾತು ಕೇಳಿದಿರಿ. ಅದನ್ನು ನೋಡಿದ ಮೇಲೆ ಸಿಟ್ಟು ಇಳಿಯಿತು.

ಈಗ ಖಾತೆ ಜಂಟಿಯಾಗಿದೆ. ತಂದುಕೊಟ್ಟ ಮೈಸೂರು ಪಾಕನ್ನು ನೀವು "ಬೇಡಮ್ಮ" ಎಂದು ಮುಟ್ಟಲೂ ಇಲ್ಲ. ಮನೆಗೆ ವಾಪಸ್ ಒಯ್ದೆ, ಮಕ್ಕಳು ಖಾಲಿ ಮಾಡಿದರು.