ಹೊಸ ಸ್ಕೂಟರ್ ಕೊಂಡವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ತಿಂಗಳು ನಮ್ಮ ಗುಂಪಿನ ಮೂವರು ಹೊಸ ಸ್ಕೂಟರ್ ಕೊಂಡಿದ್ದೇವೆ. ಬಸ್ಸಿಗೆ ಕಾಯದೆ ಬದಿಯಡ್ಕದಿಂದ ಕುಂಬಳೆಗೆ ಹೋದ ಮೊದಲ ಬೆಳಗ್ಗೆಯ ಸಂತೋಷ ನನಗಿನ್ನೂ ಇಳಿದಿಲ್ಲ!

ಮರುದಿನವೇ ಗಾಡಿ ಸ್ಟಾರ್ಟ್ ಆಗದೆ ಗಾಬರಿಯಾಯಿತು. ಬ್ರೇಕ್ ಹಿಡಿದೇ ಬಟನ್ ಒತ್ತಬೇಕು. ಕೆಲವು ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಮಡಚದಿದ್ದರೆ ಎಂಜಿನ್ ಚಾಲೂ ಆಗುವುದೇ ಇಲ್ಲ.

ಇಂಥವನ್ನೆಲ್ಲ ಮಾತನಾಡಲು ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ಮನೆಯ ಅಂಗಳದಲ್ಲಿ ಸೇರೋಣ. ಗಾಡಿಯ ಕೈಪಿಡಿ, ಸರ್ವಿಸ್ ಪುಸ್ತಕ ತನ್ನಿ. ಮೊದಲ ಸರ್ವಿಸಿಗೆ ಕಿಲೋಮೀಟರ್ ಮತ್ತು ದಿನ ಎರಡೂ ಲೆಕ್ಕ, ಯಾವುದು ಮೊದಲೋ ಅದು. ಕೈಪಿಡಿಯನ್ನು ಕನ್ನಡದಲ್ಲಿ ವಿವರಿಸುತ್ತೇನೆ. ಹಿಂದೆ ಕುಳಿತು ಬರುವವರಿಗೂ ಹೆಲ್ಮೆಟ್ ಬೇಕೇ ಬೇಕು, ದಯವಿಟ್ಟು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಬರೆಯಿರಿ.