ಖಾಲಿ ಡಬ್ಬಿ ವಾಪಸ್ ಕೊಟ್ಟು ಬಂದ ಗೆಳೆಯನಿಗೆ

ಮಂಜು,

ವೀರ್ಯ ಪರೀಕ್ಷೆಗೆ ಹೋಗಿ, ಸ್ಯಾಂಪಲ್ ಕೊಡೋಕೆ ಆಗದೆ ಲ್ಯಾಬಿನವರಿಗೆ ಡಬ್ಬಿ ಖಾಲಿಯೇ ವಾಪಸ್ ಕೊಟ್ಟೆ ಅಂತ ಬರೆದಿದ್ದೀಯ. 'ನಾನು ಗಂಡಸೇ ಅಲ್ಲ' ಅಂತ ತೀರ್ಪನ್ನೂ ನೀನೇ ಕೊಟ್ಟುಕೊಂಡಿದ್ದೀಯಲ್ಲ ಮಾರಾಯ! ಹೊರಗೆ ಜನ ಕಾಯ್ತಾ ಇರುವಾಗ, ಯಾರೋ ಬಾಗಿಲು ತಟ್ಟಿದಾಗ ಮೈಯಲ್ಲಿ ಅಡ್ರಿನಲಿನ್ ಅನ್ನೋ ಗಾಬರಿಯ ಹಾರ್ಮೋನ್ ಏರುತ್ತೆ. ಅದು ಶಿಶ್ನದ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ನಿಮಿರಿದ್ದೂ ಇಳಿದುಹೋಗುತ್ತೆ. ಬೆಳಗ್ಗೆ ಏಳುವಾಗ ಎಂದಿನಂತೆ ನಿಮಿರುತ್ತಿದ್ದರೆ ನರ, ನಾಳ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಅದೂ ಇಲ್ಲದಿದ್ದರೆ ಶುಗರ್, ಬಿಪಿ, ಗಂಡಸಿನ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ನೋಡಿಸು.

ಮನೆಯಿಂದ ಸ್ಯಾಂಪಲ್ ತರಬಹುದಾ ಅಂತ ಲ್ಯಾಬಿನವರನ್ನೇ ಕೇಳು, ಡಬ್ಬಿ ಅವರದೇ ಇರಲಿ. ಅದಕ್ಕೂ ಮುಂಚೆ 2ರಿಂದ 7 ದಿನ ಸ್ಖಲನ ಆಗಿರಬಾರದು. ಇನ್ನೂ ತಡೆದರೆ ಒಳ್ಳೇದು ಅಂದ್ಕೋಬೇಡ, ಪ್ರಮಾಣ ಹೆಚ್ಚಿದರೂ ವೀರ್ಯಾಣುಗಳ ಚಲನೆ ಕುಗ್ಗುತ್ತೆ. ಎಣ್ಣೆ, ಜೆಲ್, ಎಂಜಲು, ಮಾಮೂಲಿ ಕಾಂಡೋಮ್ ಯಾವುದೂ ಬೇಡ. ಕೈಯಿಂದ ಆಗಲೇ ಇಲ್ಲ ಅಂದರೆ ಇದಕ್ಕಂತಲೇ ಬೇರೆ ಕಾಂಡೋಮ್ ಇದೆ, ಹೆಂಡತಿ ಜೊತೆ ಸೇರಿಯೇ ಸ್ಯಾಂಪಲ್ ತೆಗೀಬಹುದು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಚೆಲ್ಲಿದರೆ ನಾಚಿಕೊಂಡು ಮುಚ್ಚಿಡಬೇಡ, ಲ್ಯಾಬಿನವರಿಗೆ ಹೇಳು, ಇಲ್ಲದಿದ್ದರೆ ವೀರ್ಯಾಣುಗಳ ಕೌಂಟ್ ಸುಮ್ಮಸುಮ್ಮನೆ ಕಮ್ಮಿ ಬರುತ್ತೆ. ಡಬ್ಬಿ ಬೈಕಿನ ಡಿಕ್ಕಿಯಲ್ಲಿ ಬೇಡ, ಅಂಗಿಯೊಳಗೆ ಮೈಗೆ ತಾಗಿರಲಿ. ಅರ್ಧ ಗಂಟೆಯಲ್ಲಿ ತಲುಪಿಸಿದರೆ ಒಳ್ಳೇದು, ಒಂದು ಗಂಟೆ ಮೀರಬಾರದು. ಬೆಂಗಳೂರಿನ ಟ್ರಾಫಿಕ್ ನಂಬಬೇಡ, ಲ್ಯಾಬಿನ ಹತ್ತಿರವೇ ಒಂದು ರೂಮ್ ಮಾಡು.

ನಿಮಿರೋಕೆ ನೆರವಾಗುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಬೇಕಾದರೆ ಡಾಕ್ಟರು ಬರೆದುಕೊಡಲಿ. ಸುಮಾರು ಒಂದು ಗಂಟೆ ಮೊದಲು ತಗೋಬೇಕು, ಹೊಟ್ಟೆ ಬಿರಿಯ ಉಂಡು ತಗೊಂಡರೆ ನಿಧಾನ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಮುಟ್ಟಲೇಬಾರದು. ಜಿಮ್ಮಿನವರು ಹೇಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಮಾತ್ರ ಬೇಡವೇ ಬೇಡ, ಅದು ವೀರ್ಯಾಣು ಹುಟ್ಟೋದನ್ನೇ ನಿಲ್ಲಿಸಿಬಿಡಬಹುದು.

ರಿಪೋರ್ಟಿನಲ್ಲಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಅಂತ ಕೆಳಮಿತಿ ಇರುತ್ತೆ. ಅದು ಪಾಸ್ ಮಾರ್ಕ್ ಅಲ್ಲ, ಅದಕ್ಕಿಂತ ಕಮ್ಮಿ ಇದ್ದೂ ಅಪ್ಪ ಆದವರಿದ್ದಾರೆ. ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು, ನಡುವೆ ಜೋರು ಜ್ವರ ಬಂದಿದ್ದರೆ ಲೆಕ್ಕ ಇಳಿಯುತ್ತೆ. ಕಮ್ಮಿ ಬಂದರೆ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸು.

'ಗರ್ಭ ನಿಲ್ಲೋಕೆ ಇವತ್ತೇ ದಿನ' ಅಂತ ಕ್ಯಾಲೆಂಡರ್ ನೋಡಿ ಮಲಗೋದೂ ಇದೇ ತೊಂದರೆ ತರುತ್ತೆ. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಆ ದಿನ ತಾನಾಗೇ ಅದರೊಳಗೆ ಬರುತ್ತೆ. ಮುಂದೆ ಐವಿಎಫ್ (ಲ್ಯಾಬಿನಲ್ಲೇ ಅಂಡಾಣು, ವೀರ್ಯಾಣು ಸೇರಿಸೋದು) ತನಕ ಹೋದರೆ ಮೊದಲೇ ಒಂದು ಸ್ಯಾಂಪಲ್ ಫ್ರೀಜ್ ಮಾಡಿಸಿಡು. ಹೆಂಡತಿಯ ಅಂಡಾಣು ತೆಗೆಯುವ ದಿನ ನಿನ್ನಿಂದ ಆಗದಿದ್ದರೂ ಕೆಲಸ ನಿಲ್ಲಲ್ಲ.

ನಿನ್ನ,
ಶಂಕರ